ಕೈಹಾಕುವುದೆಷ್ಟು, ಬಿಟ್ಟುಕೊಡುವುದೆಷ್ಟು: ಸಾವಯವ ವೈನ್ ಕುರಿತು ಓದುಗರ ಪ್ರಶ್ನೆಗಳು

ಎರಡು ಹೆಕ್ಟೇರ್ ದ್ರಾಕ್ಷಿ ತೋಟ ಮತ್ತು ಅದಕ್ಕೆ ತಾಗಿಕೊಂಡ ಒಂದು ನೆಲಮಾಳಿಗೆ, ಇಷ್ಟೇ ಇರುವ ನಮ್ಮ ಸಣ್ಣ ವೈನರಿಯಲ್ಲಿ ಸಾವಯವ ಕ್ರಮದಿಂದ ವೈನ್ ತಯಾರಿಸುವ ಬಗೆಯನ್ನು ಕಳೆದ ಸಂಚಿಕೆಯ ಅಂಕಣದಲ್ಲಿ ಸಂಕ್ಷೇಪವಾಗಿ ವಿವರಿಸಿದ್ದೆ. ತೋಟಕ್ಕೆ ಕೃತಕ ಕೀಟನಾಶಕ, ಕಳೆನಾಶಕ, ರಾಸಾಯನಿಕ ಗೊಬ್ಬರಗಳನ್ನು ಹಾಕುವುದಿಲ್ಲ, ರಸಕ್ಕೆ ಹೊರಗಿನ ಯೀಸ್ಟ್ ಬೆರೆಸುವುದಿಲ್ಲ, ವೈನ್ ಕೆಡದಂತೆ ಕಾಯುವ ಗಂಧಕದ ಸಂಯುಕ್ತವಾದ ಸಲ್ಫೈಟನ್ನು ಆದಷ್ಟು ಕಡಿಮೆ ಬಳಸುತ್ತೇವೆ ಎಂದು ಅದರಲ್ಲಿ ಬರೆದಿದ್ದ ಒಂದೇ ಒಂದು ವಾಕ್ಯವು ಇಷ್ಟೊಂದು ಪತ್ರಗಳನ್ನು ತರುತ್ತದೆಂದು ನಾನು ಎಣಿಸಿರಲಿಲ್ಲ. ‘ಏನನ್ನೂ ಹಾಕುವುದಿಲ್ಲ ಎಂದರೆ ಏನನ್ನೂ ಮಾಡುವುದಿಲ್ಲ ಎಂದೇ ಅರ್ಥವೇ?’ ಎಂದು ಒಬ್ಬರು ನೇರವಾಗಿಯೇ ಕೇಳಿದ್ದಾರೆ. ಆ ಪ್ರಶ್ನೆಗೆ ಪ್ರತ್ಯೇಕ ಉತ್ತರ ಬರೆದಿಲ್ಲ, ಏಕೆಂದರೆ ಕೆಳಗಿನ ಉತ್ತರಗಳೆಲ್ಲವೂ ಒಂದಲ್ಲ ಒಂದು ರೀತಿಯಲ್ಲಿ ಅದಕ್ಕೇ ಹೇಳಿದ ಉತ್ತರಗಳು.

ಪ್ರಶ್ನೆ: ಬಾಟಲಿಗಳ ಮೇಲೆ ‘ಸಾವಯವ ವೈನ್’, ‘ಸಾವಯವ ದ್ರಾಕ್ಷಿಯಿಂದ ತಯಾರಿಸಿದ ವೈನ್’, ‘ನೈಸರ್ಗಿಕ ವೈನ್’ ಎಂದು ಬೇರೆ ಬೇರೆಯಾಗಿ ಬರೆದಿರುತ್ತದೆ. ಇವೆಲ್ಲದರ ಅರ್ಥವೂ ಒಂದೇ ಏನು?

ಉತ್ತರ: ಒಂದೇ ಅಲ್ಲ, ಮತ್ತು ದೇಶದಿಂದ ದೇಶಕ್ಕೆ ಅರ್ಥ ಬದಲಾಗುತ್ತದೆ. ಯುರೋಪಿನ ಒಕ್ಕೂಟದಲ್ಲಿ 2012ರ ಕೊಯ್ಲಿನವರೆಗೂ ‘ಸಾವಯವ ವೈನ್’ ಎಂದು ಬರೆಯಲು ಅವಕಾಶವೇ ಇರಲಿಲ್ಲ. ನಿಯಮಗಳು ತೋಟದ ಬಾಗಿಲಲ್ಲೇ ನಿಲ್ಲುತ್ತಿದ್ದುದರಿಂದ ‘ಸಾವಯವ ದ್ರಾಕ್ಷಿಯಿಂದ ತಯಾರಿಸಿದ ವೈನ್’ ಎಂದಷ್ಟೇ ಹೇಳಬಹುದಾಗಿತ್ತು. ಆ ವರ್ಷ ಬಂದ ನಿಯಮಗಳು ನೆಲಮಾಳಿಗೆಯ ಒಳಗಿನ ಕೆಲಸಕ್ಕೂ ಎಲ್ಲೆಗಳನ್ನು ಹಾಕಿದವು. ಯೀಸ್ಟ್ ಬೆಳೆಯದಂತೆ ತಡೆಯುವ ಸಾರ್ಬಿಕ್ ಆಮ್ಲದ ಬಳಕೆಯನ್ನು ನಿಷೇಧಿಸಲಾಯಿತು. ಸಿಹಿಯಿಲ್ಲದ ಸಾಮಾನ್ಯ ಕೆಂಪು ವೈನಿನಲ್ಲಿ ಲೀಟರಿಗೆ 150 ಮಿಲಿಗ್ರಾಂ ಮತ್ತು ಬಿಳಿ ವೈನಿನಲ್ಲಿ 200 ಮಿಲಿಗ್ರಾಂ ಇರುವ ಒಟ್ಟು ಸಲ್ಫೈಟಿನ ಗರಿಷ್ಠ ಮಿತಿಯನ್ನು ಸಾವಯವ ವೈನಿಗೆ ಕ್ರಮವಾಗಿ 100 ಮತ್ತು 150 ಮಿಲಿಗ್ರಾಂಗೆ ಇಳಿಸಲಾಯಿತು. ಅಮೆರಿಕ ಸಂಯುಕ್ತ ಸಂಸ್ಥಾನದ ನಿಯಮ ಇನ್ನೂ ಬಿಗಿಯಾದುದು: ಅಲ್ಲಿ ‘ಸಾವಯವ ವೈನ್’ ಎಂದು ಬರೆಯಬೇಕಾದರೆ ಸಲ್ಫೈಟನ್ನು ಹೊರಗಿನಿಂದ ಸೇರಿಸುವಂತೆಯೇ ಇಲ್ಲ. ಲೀಟರಿಗೆ 100 ಮಿಲಿಗ್ರಾಂವರೆಗೆ ಸಲ್ಫೈಟ್ ಇರುವ ವೈನನ್ನು ‘ಸಾವಯವ ದ್ರಾಕ್ಷಿಯಿಂದ ತಯಾರಿಸಿದ್ದು’ ಎಂದು ಮಾತ್ರ ಕರೆಯಬಹುದು. ಹೀಗಾಗಿ ಒಂದೇ ಪೀಪಾಯಿಯಿಂದ ತುಂಬಿದ ಎರಡು ಬಾಟಲಿಗಳು ಎರಡು ದೇಶಗಳಲ್ಲಿ ಎರಡು ಹೆಸರು ಹೊತ್ತುಕೊಳ್ಳುವುದು ಸಾಧ್ಯ.

‘ನೈಸರ್ಗಿಕ ವೈನ್’ ಎಂಬ ಮಾತಿಗೆ ಬಹುಕಾಲ ಕಾನೂನಿನ ಬೆಂಬಲವೇನೂ ಇರಲಿಲ್ಲ. 2020ರಲ್ಲಿ ಫ್ರಾನ್ಸಿನಲ್ಲಿ ‘ವ್ಯಾನ್ ಮೆತೊದ್ ನಾತ್ಯೂರ್’ ಎಂಬ ಗುರುತಿಗೆ ಮನ್ನಣೆ ದೊರೆಯಿತು. ಕೈಯಿಂದ ಕೊಯ್ದ ಪ್ರಮಾಣೀಕೃತ ಸಾವಯವ ದ್ರಾಕ್ಷಿ, ತಾನಾಗಿಯೇ ಬಂದ ಯೀಸ್ಟ್, ಹೊರಗಿನ ಸೇರ್ಪಡೆಗಳ ವರ್ಜನೆ, ಸಲ್ಫೈಟ್ ಇದ್ದರೂ ಲೀಟರಿಗೆ 30 ಮಿಲಿಗ್ರಾಂ ಮೀರಬಾರದು ಎಂಬುದು ಅದರ ಮುಖ್ಯ ಷರತ್ತುಗಳು. ಇಂಥ ಗುರುತಿಲ್ಲದೆ ಬರೆದ ‘ನೈಸರ್ಗಿಕ’ ಎಂಬ ಪದವನ್ನು ತಯಾರಕರ ಮಾತಾಗಿ ತೆಗೆದುಕೊಳ್ಳಬೇಕೇ ಹೊರತು ಪ್ರಮಾಣಪತ್ರವಾಗಿ ಅಲ್ಲ. ಆ ಮಾತು ಸುಳ್ಳೆಂದು ನಾನು ಹೇಳುತ್ತಿಲ್ಲ. ಅದನ್ನು ಪರೀಕ್ಷಿಸಿದವರು ಯಾರೂ ಇಲ್ಲ ಎಂಬುದಷ್ಟೇ ನನ್ನ ಮಾತು.

ಪ್ರಶ್ನೆ: ನಾನೂ ಕೃಷಿಕ. ವಿಷ ಹಾಕುವುದಿಲ್ಲ ಎನ್ನುವ ಸಾವಯವ ದ್ರಾಕ್ಷಿ ಬೆಳೆಗಾರರು ತಾಮ್ರ ಬೆರೆತ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ತಾಮ್ರವೂ ಮಣ್ಣಿಗೆ ವಿಷವೇ ಅಲ್ಲವೇ? ಇದಕ್ಕೆ ನಿಮ್ಮ ಸಮರ್ಥನೆಯೇನು?

ಉತ್ತರ: ನಿಮ್ಮ ಆಕ್ಷೇಪ ಸರಿಯಾದುದು, ಮತ್ತು ಸಾವಯವ ದ್ರಾಕ್ಷಿ ಕೃಷಿಯ ಅತ್ಯಂತ ದುರ್ಬಲ ಸ್ಥಾನವನ್ನು ನೀವು ಗುರುತಿಸಿದ್ದೀರಿ. ಮೊದಲು ಅದರ ಹಿನ್ನೆಲೆಯನ್ನು ಹೇಳುತ್ತೇನೆ. ಬೂಜುತುಪ್ಪಟ ರೋಗವು ಉತ್ತರ ಅಮೆರಿಕದಿಂದ ಬಂದದ್ದು. ಯುರೋಪಿನ ತೋಟಗಳಲ್ಲಿ ಅದು ಕಾಣಿಸಿಕೊಂಡದ್ದು 1878ರಲ್ಲಿ. ಅಲ್ಲಿಯ ಬಳ್ಳಿಗಳಿಗೆ ಅದನ್ನು ಎದುರಿಸುವ ಶಕ್ತಿ ಇರಲಿಲ್ಲವಾದ್ದರಿಂದ ಎಲೆಗಳು ಉದುರಿ, ಗೊನೆಗಳು ಬಲಿಯುವ ಮೊದಲೇ ತೋಟಗಳು ಬರಿದಾಗುತ್ತಿದ್ದವು. 1882ರಲ್ಲಿ ಫ್ರಾನ್ಸಿನ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕ ಮಿಯಾರ್ದೆ ಅವರು ಮೆದೋಕ್ ಪ್ರದೇಶದ ತೋಟವೊಂದರ ಬದಿಯಲ್ಲಿ ಹೋಗುವಾಗ, ದಾರಿಯ ಅಂಚಿನ ಸಾಲುಗಳಲ್ಲಿ ಮಾತ್ರ ಎಲೆಗಳು ಹಸಿರಾಗಿ ಉಳಿದಿರುವುದನ್ನು ಕಂಡರು. ವಿಚಾರಿಸಿದಾಗ, ದಾರಿಹೋಕರು ಹಣ್ಣು ಕೀಳದಿರಲೆಂದು ಆ ಸಾಲುಗಳಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ನೀಲಿ ಮಿಶ್ರಣವನ್ನು ಎರಚಿದ್ದರೆಂದು ತಿಳಿಯಿತು. ಮೂರು ವರ್ಷ ಪ್ರಯೋಗ ನಡೆಸಿ 1885ರಲ್ಲಿ ಅವರು ಪ್ರಕಟಿಸಿದ ಆ ಮಿಶ್ರಣವೇ ಇಂದಿನ ಬೋರ್ಡೋ ದ್ರಾವಣ. ಕಳ್ಳರನ್ನು ಹೆದರಿಸಲು ಮಾಡಿದ ಉಪಾಯವೊಂದು ಇಡೀ ಜಗತ್ತಿನ ದ್ರಾಕ್ಷಿಯನ್ನು ಉಳಿಸಿತು.

ಆದರೆ ತಾಮ್ರವು ಮೂಲಧಾತು. ಅದು ಕೊಳೆಯುವುದಿಲ್ಲ, ಒಡೆದು ಬೇರೆಯಾಗುವುದಿಲ್ಲ. ಮಳೆಯಲ್ಲಿ ಎಲೆಯಿಂದ ತೊಳೆದು ಇಳಿದದ್ದು ಮೇಲ್ಮಣ್ಣಿನಲ್ಲಿ ಉಳಿದು, ವರ್ಷದಿಂದ ವರ್ಷಕ್ಕೆ ಸೇರುತ್ತಾ ಹೋಗಿ, ಎರೆಹುಳುಗಳಿಗೂ ಮಣ್ಣಿನ ಸೂಕ್ಷ್ಮಜೀವಿಗಳಿಗೂ ಹಾನಿ ಮಾಡುತ್ತದೆ. ಯಾವ ಜೀವಿಗಳನ್ನು ಉಳಿಸಲೆಂದು ಸಾವಯವ ಕೃಷಿಗೆ ಇಳಿದೆವೋ ಆ ಜೀವಿಗಳಿಗೇ ಹೀಗೆ ಪೆಟ್ಟು ಬೀಳುತ್ತದೆ. ಆದ್ದರಿಂದಲೇ ಯುರೋಪಿನ ಒಕ್ಕೂಟವು 2019ರಿಂದ ಏಳು ವರ್ಷಗಳ ಅವಧಿಯಲ್ಲಿ ಹೆಕ್ಟೇರಿಗೆ ಒಟ್ಟು 28 ಕಿಲೋಗ್ರಾಂ, ಅಂದರೆ ವರ್ಷಕ್ಕೆ ಸರಾಸರಿ 4 ಕಿಲೋಗ್ರಾಂ ತಾಮ್ರವನ್ನಷ್ಟೇ ಬಳಸಬಹುದೆಂದು ಮಿತಿ ಹಾಕಿದೆ. ಇಲ್ಲಿ ಲೆಕ್ಕ ಹಾಕುವುದು ಲೋಹದ ರೂಪದ ತಾಮ್ರವನ್ನು. ಮೈಲುತುತ್ತದಲ್ಲಿ ತಾಮ್ರದ ಪಾಲು ಸುಮಾರು ಕಾಲುಭಾಗ ಮಾತ್ರ ಇರುವುದರಿಂದ 4 ಕಿಲೋಗ್ರಾಂ ತಾಮ್ರವೆಂದರೆ ಸುಮಾರು 16 ಕಿಲೋಗ್ರಾಂ ಮೈಲುತುತ್ತವಾಗುತ್ತದೆ. ಬೆಳೆಗಾರರು ಈ ಎರಡನ್ನೂ ಒಂದೇ ಎಂದುಕೊಂಡು ಲೆಕ್ಕ ತಪ್ಪುವುದನ್ನು ನಾನು ಹಲವು ಸಲ ನೋಡಿದ್ದೇನೆ.

ಸಮರ್ಥನೆ ಕೊಡುವ ಬದಲು ನಾವು ಮಾಡುವುದನ್ನು ಹೇಳುತ್ತೇನೆ. ಬೂಜುತುಪ್ಪಟ ರೋಗದ ಸೂಕ್ಷ್ಮಜೀವಿಗೆ ಬೇಕಾದದ್ದು ಒದ್ದೆಯಾದ ಎಲೆ. ಎಲೆ ಬೇಗ ಒಣಗಿದರೆ ಅದಕ್ಕೆ ಮೊಳೆಯಲು ಸಮಯ ಸಿಗುವುದಿಲ್ಲ. ಹಾಗಾಗಿ ಸಾಲುಗಳನ್ನು ಗಾಳಿ ಬೀಸುವ ದಿಕ್ಕಿಗೆ ಹೊಂದಿಸುವುದು, ಚಿಗುರುಗಳನ್ನು ಒತ್ತಾಗದಂತೆ ತೆಗೆಯುವುದು, ಹೂ ಕಾಯಿಗಟ್ಟಿದ ಮೇಲೆ ಗೊನೆಗಳ ಸುತ್ತಲಿನ ಎಲೆಗಳನ್ನು ಬೆಳಗಿನ ಬಿಸಿಲು ಬೀಳುವ ಬದಿಯಲ್ಲಿ ಕೀಳುವುದು, ನೆಲಕ್ಕೆ ತಾಗುವ ಕುಡಿಗಳನ್ನು ಕತ್ತರಿಸುವುದು, ಇವೆಲ್ಲ ಸಿಂಪರಣೆಗಿಂತ ಮೊದಲು ಆಗಬೇಕಾದ ಕೆಲಸಗಳು. ಬೂದಿ ರೋಗಕ್ಕೆ ಗಂಧಕದ ಪುಡಿ ಇದೆ. ಗೊನೆ ಕೊರೆಯುವ ಪತಂಗಕ್ಕೆ, ಹೆಣ್ಣಿನ ವಾಸನೆಯನ್ನು ತೋಟದ ತುಂಬ ಹರಡಿ ಗಂಡು ಪತಂಗಗಳ ದಾರಿ ತಪ್ಪಿಸುವ ಫೆರೊಮೋನ್ ನಳಿಕೆಗಳಿವೆ. ಇಷ್ಟೆಲ್ಲ ಮಾಡಿಯೂ ಒಂದು ವರ್ಷ, ಹೂ ಬಿಡುವ ಹೊತ್ತಿಗೆ ಎರಡು ವಾರ ಬಿಡದೆ ಸುರಿದ ಮಳೆಯಲ್ಲಿ ನಾವು ಬೆಳೆಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕಳೆದುಕೊಂಡೆವು. ಇನ್ನೆರಡು ಬಾರಿ ತಾಮ್ರ ಹೊಡೆದಿದ್ದರೆ ಬಹುಶಃ ಉಳಿಯುತ್ತಿತ್ತು. ಹೊಡೆಯಲಿಲ್ಲ. ಆ ನಿರ್ಧಾರ ಸರಿಯಾಗಿತ್ತೆಂದು ನನಗೆ ಇಂದಿಗೂ ಅನ್ನಿಸುತ್ತದೆ. ಆದರೆ ಆ ಒಂದು ಬೆಳೆಯ ಮೇಲೆಯೇ ಕುಟುಂಬ ನಿಂತಿರುವ ಬೆಳೆಗಾರರಿಗೆ ಅದನ್ನೇ ಮಾಡಿರೆಂದು ಉಪದೇಶಿಸುವ ಹಕ್ಕು ನನಗಿಲ್ಲ.

ಪ್ರಶ್ನೆ: ಕಳೆಯನ್ನು ಹೇಗೆ ನಿಭಾಯಿಸುತ್ತೀರಿ? ರಾಸಾಯನಿಕ ಕೃಷಿಯಿಂದ ಸಾವಯವಕ್ಕೆ ಬದಲಾಗಲು ಎಷ್ಟು ಕಾಲ ಬೇಕು?

ಉತ್ತರ: ಪ್ರಮಾಣಪತ್ರಕ್ಕೆ ಮೂರು ವರ್ಷ. ಯುರೋಪ್ ಮತ್ತು ಅಮೆರಿಕ ಎರಡೂ ಕಡೆಗಳಲ್ಲಿ, ನಿಷೇಧಿತ ವಸ್ತುಗಳ ಬಳಕೆ ನಿಂತು ಮೂರು ವರ್ಷ ಕಳೆದ ಮೇಲಿನ ಕೊಯ್ಲನ್ನಷ್ಟೇ ಸಾವಯವವೆಂದು ಒಪ್ಪುತ್ತಾರೆ. ಮಣ್ಣು ಬದಲಾಗುವುದಕ್ಕೆ ಅದಕ್ಕಿಂತ ಹೆಚ್ಚು ಕಾಲ ಬೇಕೆಂಬುದು ನನ್ನ ಅನುಭವ. ಕಳೆಯನ್ನು ನಾವು ನಿರ್ಮೂಲ ಮಾಡುವುದಿಲ್ಲ. ಬಳ್ಳಿಯ ಬುಡದಲ್ಲಿ ಮಾತ್ರ ಕೆತ್ತಿ, ಸಾಲುಗಳ ನಡುವೆ ದ್ವಿದಳ ಸಸ್ಯಗಳನ್ನೂ ಹುಲ್ಲನ್ನೂ ಬೆಳೆಸಿ, ಬಳ್ಳಿಗೆ ನೀರಿನ ಪೈಪೋಟಿ ಆರಂಭವಾಗುವ ಮೊದಲು ಕತ್ತರಿಸಿ ಅಲ್ಲಿಯೇ ಹಾಸುತ್ತೇವೆ. ದ್ವಿದಳ ಸಸ್ಯಗಳ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ತರುತ್ತವೆ. ಆ ಸಾರಜನಕಕ್ಕೂ ಪೀಪಾಯಿಯೊಳಗಿನ ವಾಸನೆಗೂ ಇರುವ ಸಂಬಂಧವನ್ನು ಮುಂದಿನ ಉತ್ತರದಲ್ಲಿ ಹೇಳಿದ್ದೇನೆ.

ಪ್ರಶ್ನೆ: ಹೊರಗಿನ ಯೀಸ್ಟ್ ಹಾಕದೆ ರಸ ಹೇಗೆ ವೈನ್ ಆಗುತ್ತದೆ? ಕೆಟ್ಟುಹೋಗುವ ಅಪಾಯ ಹೆಚ್ಚಲ್ಲವೇ?

ಉತ್ತರ: ಅಪಾಯ ಹೆಚ್ಚು, ನಿಜ. ಆದರೂ ನಾವು ಈ ದಾರಿಯನ್ನು ಆರಿಸಿಕೊಂಡದ್ದು ಏಕೆಂದು ವಿವರವಾಗಿಯೇ ಹೇಳಬೇಕು.

ದ್ರಾಕ್ಷಿಯ ಸಿಪ್ಪೆಯ ಮೇಲೆ ಹಲವು ಜಾತಿಯ ಯೀಸ್ಟ್‌ಗಳಿರುತ್ತವೆ. ಹಣ್ಣು ಒಡೆದು ರಸ ಹೊರಬಂದ ಕೂಡಲೇ ಕೆಲಸ ಆರಂಭಿಸುವವು ಹ್ಯಾನ್ಸೆನಿಯಾಸ್ಪೋರಾದಂಥ ದುರ್ಬಲ ಜಾತಿಗಳು. ಮದ್ಯಸಾರದ ಪ್ರಮಾಣ ಶೇಕಡಾ 4 ಅಥವಾ 5ಕ್ಕೆ ಏರುವ ಹೊತ್ತಿಗೆ ಇವುಗಳಲ್ಲಿ ಹೆಚ್ಚಿನವು ಸಾಯುತ್ತವೆ, ಮತ್ತು ಆರಂಭದಲ್ಲಿ ಬೆರಳೆಣಿಕೆಯಷ್ಟಿದ್ದ ಸ್ಯಾಕರೊಮೈಸೀಸ್ ಸೆರೆವಿಸಿಯೆ ಆ ಹೊತ್ತಿಗೆ ಪಾತ್ರೆಯನ್ನೆಲ್ಲ ಆವರಿಸಿ ಕೊನೆಯವರೆಗೂ ಕೆಲಸ ಮಾಡುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದಾಗ ಶೇಕಡಾ 1ರಷ್ಟು ಮದ್ಯಸಾರ ಉಂಟಾಗುತ್ತದೆ. ಈ ಲೆಕ್ಕವಿದ್ದರೆ ಕೊಯ್ಲಿನ ದಿನವೇ ವೈನಿನ ಬಲವನ್ನು ಅಂದಾಜು ಮಾಡಬಹುದು. ಪ್ಯಾಕೆಟ್ಟಿನ ಯೀಸ್ಟ್ ಹಾಕಿದರೆ ಮೊದಲ ದಿನದಿಂದಲೇ ಒಂದೇ ತಳಿಯ ಆಳ್ವಿಕೆ. ಹಾಕದಿದ್ದರೆ ಹಲವು ಜಾತಿಗಳು ಒಂದರ ನಂತರ ಒಂದು ಬಂದು ತಮ್ಮ ಪಾಲಿನ ಪರಿಮಳವನ್ನು ಬಿಟ್ಟುಹೋಗುತ್ತವೆ. ಆ ಪದರಗಳಿಗಾಗಿಯೇ ನಾವು ಕಾಯುವುದು.

ಇಲ್ಲೊಂದು ಮಾತನ್ನು ಸ್ಪಷ್ಟಪಡಿಸಬೇಕು. ‘ನಮ್ಮ ತೋಟದ ಯೀಸ್ಟ್’ ಎಂದು ವೈನ್ ತಯಾರಕರು ಪ್ರೀತಿಯಿಂದ ಹೇಳುವುದುಂಟು, ನಾನೂ ಹೇಳುತ್ತಿದ್ದೆ. ವಾಸ್ತವವಾಗಿ ಆರೋಗ್ಯವಂತ ದ್ರಾಕ್ಷಿಯ ಮೇಲೆ ಸ್ಯಾಕರೊಮೈಸೀಸ್ ಇರುವುದು ಬಹಳ ವಿರಳ. ಹಿಂದಿನ ಕೊಯ್ಲುಗಳ ನಂತರ ನೆಲಮಾಳಿಗೆಯ ಪೀಪಾಯಿ, ಕೊಳವೆ, ಗೋಡೆಗಳಲ್ಲಿ ಉಳಿದುಕೊಂಡ ಸಂತತಿಯೇ ಹೆಚ್ಚಿನ ಕೆಲಸ ಮಾಡುತ್ತದೆ. ಆದ್ದರಿಂದ ನಾವು ಉಳಿಸಿಕೊಳ್ಳಬೇಕಾದದ್ದು ತೋಟವನ್ನು ಮಾತ್ರವಲ್ಲ, ನೆಲಮಾಳಿಗೆಯ ಜೀವಸಂಕುಲವನ್ನೂ ಕೂಡ. ಹಾಗೆಂದು ಅಲ್ಲಿ ಕೊಳೆಗೆ ಎಡೆಯಿಲ್ಲ. ಪ್ರತಿ ಸಂಜೆ ಬಿಸಿನೀರು, ಕುಂಚ, ಮತ್ತೆ ತಣ್ಣೀರು. ಕೊಯ್ಲಿನ ತಿಂಗಳಲ್ಲಿ ನನ್ನ ಕೆಲಸದ ಸಮಯದಲ್ಲಿ ಮುಕ್ಕಾಲು ಪಾಲು ತೊಳೆಯುವುದರಲ್ಲೇ ಕಳೆಯುತ್ತದೆ.

ಅಪಾಯವನ್ನು ತಗ್ಗಿಸಲು ನಾವು ಹೆಪ್ಪು ಮಾಡಿಕೊಳ್ಳುತ್ತೇವೆ. ಮುಖ್ಯ ಕೊಯ್ಲಿಗೆ ಒಂದು ವಾರ ಮೊದಲು, ಒಂದೂ ಒಡೆದ ಹಣ್ಣಿಲ್ಲದಂತೆ ಆರಿಸಿದ ಐವತ್ತು ಕಿಲೋಗ್ರಾಂನಷ್ಟು ದ್ರಾಕ್ಷಿಯನ್ನು ಜಜ್ಜಿ, ಬೇರೆ ಬೇರೆ ಸಣ್ಣ ಪಾತ್ರೆಗಳಲ್ಲಿ ಹುದುಗಲು ಬಿಟ್ಟು, ದಿನಕ್ಕೆ ಎರಡು ಬಾರಿ ಮೂಸಿ ನೋಡುತ್ತೇವೆ. ಶುಚಿಯಾದ ಹಣ್ಣಿನ ವಾಸನೆ ಬಂದು, ಸಕ್ಕರೆ ಚುರುಕಾಗಿ ಇಳಿಯುತ್ತಿರುವ ಪಾತ್ರೆಯದನ್ನು ಮಾತ್ರ ದೊಡ್ಡ ತೊಟ್ಟಿಗೆ ಸೇರಿಸುತ್ತೇವೆ. ಒಂದು ವರ್ಷ ಎಲ್ಲ ಪಾತ್ರೆಗಳಲ್ಲೂ ಉಗುರು ಬಣ್ಣದ ವಾಸನೆ ಬಂತು. ಅದು ಈಥೈಲ್ ಅಸಿಟೇಟಿನ ಗುರುತು, ವಿನೆಗರ್ ಆಗುವ ದಾರಿಯ ಮುನ್ಸೂಚನೆ. ಎಲ್ಲವನ್ನೂ ಚೆಲ್ಲಿ, ಮತ್ತೆ ದ್ರಾಕ್ಷಿ ಆರಿಸಿ, ಹೊಸದಾಗಿ ಹೆಪ್ಪು ಮಾಡಿ, ಕೊಯ್ಲನ್ನೇ ಐದು ದಿನ ಮುಂದೂಡಬೇಕಾಯಿತು.

ಸಾರಜನಕದ ಮಾತನ್ನು ಇಲ್ಲಿ ಮುಗಿಸುತ್ತೇನೆ. ರಸದಲ್ಲಿ ಸಾರಜನಕ ಕಡಿಮೆಯಿದ್ದರೆ ಯೀಸ್ಟ್ ಬಳಲಿ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡನ್ನು ಬಿಡುತ್ತದೆ, ಕೆಲವೊಮ್ಮೆ ಸಕ್ಕರೆ ಉಳಿದಿರುವಾಗಲೇ ಹುದುಗುವಿಕೆ ನಿಂತುಹೋಗುತ್ತದೆ. ದೊಡ್ಡ ಕಾರ್ಖಾನೆಯಲ್ಲಿ ಇದಕ್ಕೆ ಅಮೋನಿಯಂ ಲವಣವನ್ನು ಸೇರಿಸುತ್ತಾರೆ. ನಾವು ಆ ಕೊರತೆಯನ್ನು ಎರಡು ವರ್ಷ ಮೊದಲೇ, ಸಾಲುಗಳ ನಡುವಿನ ದ್ವಿದಳ ಬಿತ್ತನೆಯಲ್ಲಿ ತುಂಬಲು ನೋಡುತ್ತೇವೆ. ಉಷ್ಣಾಂಶವನ್ನೂ ಕಾಯಬೇಕು. ಕೆಂಪು ವೈನಿನ ತೊಟ್ಟಿ 30 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ನಾನು ನಿದ್ದೆ ಬಿಡುತ್ತೇನೆ, ಏಕೆಂದರೆ 35ನ್ನು ಮೀರಿದರೆ ಯೀಸ್ಟ್ ಸಾಯಲು ಆರಂಭಿಸುತ್ತದೆ.

ಪ್ರಶ್ನೆ: ಸಲ್ಫೈಟಿನಿಂದ ತಲೆನೋವು ಬರುತ್ತದೆಂದು ಕೇಳಿದ್ದೇನೆ. ಸಾವಯವ ತಯಾರಕರಾದ ನೀವು ಅದನ್ನು ಪೂರ್ತಿ ಬಿಡಬಾರದೇಕೆ?

ಉತ್ತರ: ತಲೆನೋವಿನ ಮಾತನ್ನು ಮೊದಲು ಮುಗಿಸೋಣ. ಸಲ್ಫೈಟಿನಿಂದ ಕೆಲವು ಅಸ್ತಮಾ ರೋಗಿಗಳಿಗೆ ಉಸಿರಾಟದ ತೊಂದರೆ ಆಗುವುದು ದೃಢಪಟ್ಟ ವಿಷಯ, ಅವರು ಎಚ್ಚರದಿಂದಿರಲೇಬೇಕು. ಲೀಟರಿಗೆ 10 ಮಿಲಿಗ್ರಾಂ ಮೀರಿದರೆ ‘ಸಲ್ಫೈಟ್ ಇದೆ’ ಎಂದು ಬಾಟಲಿಯ ಮೇಲೆ ಬರೆಯಬೇಕೆಂಬ ನಿಯಮ ಬಂದಿರುವುದೂ ಅಂಥವರಿಗಾಗಿಯೇ. ಆದರೆ ಸಾಮಾನ್ಯ ತಲೆನೋವಿಗೆ ಸಲ್ಫೈಟೇ ಕಾರಣವೆಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಗಂಧಕದಿಂದ ಸಂಸ್ಕರಿಸಿ ಒಣಗಿಸಿದ ಏಪ್ರಿಕಾಟ್ ಹಣ್ಣಿನಲ್ಲಿ ವೈನಿಗಿಂತ ಹಲವು ಪಟ್ಟು ಹೆಚ್ಚು ಸಲ್ಫೈಟ್ ಇರಬಹುದು, ಅದನ್ನು ತಿಂದು ತಲೆನೋವೆಂದು ಯಾರೂ ದೂರುವುದಿಲ್ಲ. ಮದ್ಯಸಾರವನ್ನು ಬಿಟ್ಟು ಬೇರೆಲ್ಲವನ್ನೂ ನಾವು ದೂಷಿಸುತ್ತೇವೆ. ಜೊತೆಗೆ, ‘ಸಲ್ಫೈಟ್ ಇಲ್ಲದ ವೈನ್’ ಎಂಬುದೇ ಪೂರ್ತಿ ನಿಜವಲ್ಲ, ಏಕೆಂದರೆ ಯೀಸ್ಟ್ ತಾನೇ ಸ್ವಲ್ಪ ಪ್ರಮಾಣದಲ್ಲಿ ಅದನ್ನು ಉತ್ಪಾದಿಸುತ್ತದೆ.

ಪೂರ್ತಿ ಬಿಡುವ ಪ್ರಯತ್ನವನ್ನು ನಾನೂ ಮಾಡಿದ್ದೇನೆ. ಫ್ರಾನ್ಸಿನ ಬೋಜೊಲೆ ಪ್ರದೇಶದ ಜೂಲ್ ಶೋವೆ ಅವರು ವೈನ್ ವ್ಯಾಪಾರಿಯೂ ರಸಾಯನಶಾಸ್ತ್ರ ಬಲ್ಲವರೂ ಆಗಿದ್ದು, ಗಂಧಕವಿಲ್ಲದೆ ವೈನ್ ಮಾಡುವ ಬಗೆಯನ್ನು ದಶಕಗಳ ಕಾಲ ಅಭ್ಯಸಿಸಿದರು. ಅವರಿಂದ ಸ್ಫೂರ್ತಿ ಪಡೆದವರಲ್ಲಿ ನಾನೂ ಒಬ್ಬ. ಆದರೆ ಅವರು ಸೂಕ್ಷ್ಮದರ್ಶಕದ ಮುಂದೆ ಕುಳಿತು ಪ್ರತಿ ಹಂತವನ್ನು ಪರೀಕ್ಷಿಸುತ್ತಿದ್ದರೆಂಬುದನ್ನು ಮರೆತು, ಗಂಧಕ ಬಿಡುವುದನ್ನಷ್ಟೇ ಅನುಸರಿಸಿದ್ದು ನನ್ನ ತಪ್ಪು. ನಮ್ಮ ಎರಡನೆಯ ಕೊಯ್ಲಿನಲ್ಲಿ, ಹಣ್ಣು ಹೆಚ್ಚು ಮಾಗಿ ಆಮ್ಲ ಇಳಿದು ಪಿಎಚ್ 3.8 ತಲುಪಿದ್ದ ಕೆಂಪು ವೈನಿಗೆ ಒಂದು ಗ್ರಾಂ ಸಲ್ಫೈಟನ್ನೂ ಹಾಕದೆ ಪೀಪಾಯಿಗೆ ಇಳಿಸಿದೆ. ಬೇಸಿಗೆ ಬರುವ ಹೊತ್ತಿಗೆ ಅದರಿಂದ ಬೆವರಿದ ಕುದುರೆಯ, ಹಳೆಯ ಔಷಧಿ ಪಟ್ಟಿಯ ವಾಸನೆ ಬರತೊಡಗಿತು. ಬ್ರೆಟನೊಮೈಸೀಸ್ ಎಂಬ ಯೀಸ್ಟ್ ಅದರಲ್ಲಿ ನೆಲೆಯೂರಿತ್ತು. ಮರದ ರಂಧ್ರಗಳಿಗೆ ಅದು ಒಮ್ಮೆ ಹೊಕ್ಕರೆ ಹೊರಹಾಕುವುದು ಕಷ್ಟವಾದ್ದರಿಂದ ವೈನಿನ ಜೊತೆಗೆ ಎರಡು ಪೀಪಾಯಿಗಳನ್ನೂ ಬಿಡಬೇಕಾಯಿತು.

ಅಂದಿನಿಂದ ನಾನು ‘ಹಾಕಬೇಕೇ ಬೇಡವೇ’ ಎಂದು ಕೇಳುವುದನ್ನು ಬಿಟ್ಟು ‘ಈ ವೈನಿಗೆ ಎಷ್ಟು ಬೇಕು’ ಎಂದು ಕೇಳಲಾರಂಭಿಸಿದೆ. ಸಲ್ಫೈಟ್ ವೈನಿನಲ್ಲಿ ಕೊಡುವ ಸಲ್ಫರ್ ಡೈಆಕ್ಸೈಡಿನ ರಕ್ಷಣಾಶಕ್ತಿ ವೈನಿನ ಆಮ್ಲತೆಯನ್ನು ಅವಲಂಬಿಸಿದೆ. ಬಿಳಿ ವೈನಿಗೆ ಸಾಮಾನ್ಯವಾಗಿ ಸಾಕೆನ್ನುವ ರಕ್ಷಣೆಗೆ ಪಿಎಚ್ 3.2ರಲ್ಲಿ ಲೀಟರಿಗೆ ಸುಮಾರು 21 ಮಿಲಿಗ್ರಾಂ ಸ್ವತಂತ್ರ, ಅಂದರೆ ಬೇರಾವುದಕ್ಕೂ ಅಂಟಿಕೊಳ್ಳದ, ಸಲ್ಫರ್ ಡೈಆಕ್ಸೈಡ್ ಸಾಕಾದರೆ, ಅಷ್ಟೇ ರಕ್ಷಣೆಗೆ 3.5ರಲ್ಲಿ 40, 3.8ರಲ್ಲಿ 80ರಷ್ಟು ಬೇಕಾಗುತ್ತದೆ. ಅಂದರೆ ಸಲ್ಫೈಟನ್ನು ಕಡಿಮೆ ಮಾಡುವ ನಿರ್ಧಾರವನ್ನು ನೆಲಮಾಳಿಗೆಯಲ್ಲಿ ಮಾಡಲಾಗುವುದಿಲ್ಲ, ಅದನ್ನು ತೋಟದಲ್ಲಿ, ಕೊಯ್ಲಿನ ದಿನವನ್ನು ಆರಿಸುವಾಗಲೇ ಮಾಡಬೇಕು. ಈಗ ನಾವು ಆಮ್ಲ ಇನ್ನೂ ಚುರುಕಾಗಿರುವಾಗಲೇ ಕೊಯ್ಯುತ್ತೇವೆ. ಜಜ್ಜುವಾಗ ಏನನ್ನೂ ಹಾಕುವುದಿಲ್ಲ. ಎರಡನೆಯ ಹುದುಗುವಿಕೆಯಲ್ಲಿ ಈನೊಕಾಕಸ್ ಈನಿ ಎಂಬ ಬ್ಯಾಕ್ಟೀರಿಯಾ ಕಟುವಾದ ಮ್ಯಾಲಿಕ್ ಆಮ್ಲವನ್ನು ಮೃದುವಾದ ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ. ಅದು ಗಂಧಕವನ್ನು ಸಹಿಸದು, ಆದ್ದರಿಂದ ಆ ಕೆಲಸ ಪೂರ್ತಿಯಾದ ಮೇಲೆ ಒಮ್ಮೆ, ಬಾಟಲಿಗೆ ತುಂಬುವ ಮೊದಲು ಇನ್ನೊಮ್ಮೆ ಅಳೆದು ಸ್ವಲ್ಪ ಹಾಕುತ್ತೇವೆ. ಒಂದೂ ಹನಿ ಹಾಕದ ವರ್ಷಗಳೂ ಇವೆ. ಅವು ನಾವು ಹಟ ಹಿಡಿದ ವರ್ಷಗಳಲ್ಲ, ದ್ರಾಕ್ಷಿ ಚೆನ್ನಾಗಿ ಬಂದ ವರ್ಷಗಳು.

ಪ್ರಶ್ನೆ: ಹಸುವಿನ ಕೊಂಬಿನಲ್ಲಿ ಗೊಬ್ಬರ ತುಂಬಿ ಹೂಳುವ, ಚಂದ್ರನ ಗತಿ ನೋಡಿ ಕೆಲಸ ಮಾಡುವ ಬಯೋಡೈನಮಿಕ್ ಪದ್ಧತಿಯನ್ನು ನೀವು ಅನುಸರಿಸುತ್ತೀರಾ?

ಉತ್ತರ: ಇಲ್ಲ. ಆಸ್ಟ್ರಿಯಾದ ಚಿಂತಕ ರುಡಾಲ್ಫ್ ಸ್ಟೈನರ್ 1924ರಲ್ಲಿ ನೀಡಿದ ಉಪನ್ಯಾಸಗಳಿಂದ ಬೆಳೆದ ಆ ಪದ್ಧತಿಯಲ್ಲಿ ತೋಟವನ್ನು ಒಂದು ಜೀವಿಯಂತೆ ನೋಡುವ ದೃಷ್ಟಿ ನನಗೆ ಪ್ರಿಯವಾದುದು, ಮತ್ತು ಅದನ್ನು ಅನುಸರಿಸುವ ಹಲವರ ತೋಟಗಳು ನಮ್ಮದಕ್ಕಿಂತ ಚೆನ್ನಾಗಿವೆ. ಆದರೆ ಅದಕ್ಕೆ ಕಾರಣ ಕೊಂಬಿನ ಗೊಬ್ಬರವೋ, ದಿನವೂ ಪ್ರತಿ ಸಾಲಿನಲ್ಲಿ ನಡೆದು ಬಳ್ಳಿಯನ್ನು ನೋಡುವ ಅವರ ಶಿಸ್ತೋ ಎಂದು ಕೇಳಿದರೆ, ಶಿಸ್ತೇ ಎಂದು ನಾನು ನಂಬುತ್ತೇನೆ.

ಪ್ರಶ್ನೆ: ಮರದ ಪೀಪಾಯಿ, ಮಣ್ಣಿನ ಗುಡಾಣ, ಉಕ್ಕಿನ ತೊಟ್ಟಿ, ಇವುಗಳಲ್ಲಿ ಸಾವಯವ ವೈನಿಗೆ ಯಾವುದು ಉತ್ತಮ?

ಉತ್ತರ: ಸಾವಯವಕ್ಕೂ ಪಾತ್ರೆಗೂ ನೇರ ಸಂಬಂಧವಿಲ್ಲ. ಉಕ್ಕು ಗಾಳಿಯನ್ನು ಒಳಗೆ ಬಿಡುವುದಿಲ್ಲ, ಹಣ್ಣಿನ ಪರಿಮಳವನ್ನು ಹಾಗೆಯೇ ಉಳಿಸುತ್ತದೆ. 225 ಲೀಟರಿನ ಓಕ್ ಪೀಪಾಯಿ ಸೂಕ್ಷ್ಮವಾಗಿ ಉಸಿರಾಡುತ್ತದೆ, ಆ ಗಾಳಿಯಲ್ಲಿ ಒಗರು ಮೃದುವಾಗುತ್ತದೆ. ಮರವು ಹೊಸದಾಗಿದ್ದರೆ ತನ್ನ ಪರಿಮಳವನ್ನೂ ವೈನಿಗೆ ಕೊಡುತ್ತದೆ. ಜಾರ್ಜಿಯಾ ದೇಶದಲ್ಲಿ ಕ್ವೆವ್ರಿ ಎಂಬ ಮಣ್ಣಿನ ಗುಡಾಣಗಳನ್ನು ನೆಲದಲ್ಲಿ ಹೂತು, ಬಿಳಿ ದ್ರಾಕ್ಷಿಯನ್ನೂ ಸಿಪ್ಪೆಯೊಡನೆಯೇ ಹುದುಗಿಸುತ್ತಾರೆ. ಈ ಪರಂಪರೆಯನ್ನು ಯುನೆಸ್ಕೊ 2013ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ನಾವು ಬಳಸುವುದು ಹಳೆಯ ಪೀಪಾಯಿಗಳನ್ನು, ಏಕೆಂದರೆ ಇಷ್ಟು ಕಷ್ಟಪಟ್ಟು ಬೆಳೆದ ಹಣ್ಣಿನ ಮೇಲೆ ಮರದ ವಾಸನೆ ಹೊದಿಸಲು ನನಗೆ ಮನಸ್ಸಾಗುವುದಿಲ್ಲ. ಪೀಪಾಯಿ ಯಾವುದೇ ಆಗಲಿ, ಅದು ತುಂಬಿರಬೇಕು. ಆವಿಯಾಗಿ ಇಳಿದಷ್ಟನ್ನು ಎರಡು ವಾರಕ್ಕೊಮ್ಮೆ ತುಂಬದಿದ್ದರೆ, ಮೇಲೆ ಉಳಿದ ಗಾಳಿಯಲ್ಲಿ ವಿನೆಗರ್ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಪ್ರಶ್ನೆ: ಗೆಳತಿಯೊಬ್ಬಳ ಜೊತೆ ಸೇರಿ ಸಣ್ಣ ವೈನರಿ ಆರಂಭಿಸಬೇಕೆಂದಿದ್ದೇನೆ. ಎಷ್ಟು ದ್ರಾಕ್ಷಿಯಿಂದ ಎಷ್ಟು ವೈನ್ ಬರುತ್ತದೆ? ಯಾವುದಕ್ಕೆ ಹೆಚ್ಚು ಎಚ್ಚರ ಬೇಕು?

ಉತ್ತರ: ಒಂದು ಟನ್ ದ್ರಾಕ್ಷಿಯಿಂದ 600ರಿಂದ 700 ಲೀಟರ್ ವೈನ್, ಅಂದರೆ 750 ಮಿಲಿಲೀಟರಿನ ಸುಮಾರು 800ರಿಂದ 930 ಬಾಟಲಿಗಳು ಬರುತ್ತವೆ. ಎರಡು ಜನ ಕೈಯಿಂದ ಎಷ್ಟನ್ನು ಆರಿಸಬಲ್ಲಿರೋ ಅಷ್ಟೇ ದೊಡ್ಡದಾಗಿ ಆರಂಭಿಸಿ. ನಸುಕಿನ ತಂಪಿನಲ್ಲಿ, ಗೊನೆಗಳು ಒಂದರ ಭಾರಕ್ಕೆ ಇನ್ನೊಂದು ಒಡೆಯದಂತೆ ಹದಿನೈದು ಕಿಲೋಗ್ರಾಂ ಮೀರದ ಸಣ್ಣ ಪೆಟ್ಟಿಗೆಗಳಲ್ಲಿ ಕೊಯ್ಯಿರಿ. ಸಣ್ಣದಾಗಿರುವುದರ ನಿಜವಾದ ಲಾಭ ಇದು: ಕೊಳೆತ ಹಣ್ಣನ್ನು ಬಳ್ಳಿಯ ಬಳಿಯೇ ಬಿಟ್ಟುಬರಬಹುದು. ದೊಡ್ಡ ಯಂತ್ರಕ್ಕೆ ಆ ಕಣ್ಣಿಲ್ಲವಾದ್ದರಿಂದ ಅಲ್ಲಿ ಅದರ ದೋಷವನ್ನು ಆಮೇಲೆ ಗಂಧಕದಿಂದ ತಿದ್ದಬೇಕಾಗುತ್ತದೆ.

ಎಚ್ಚರದ ಮಾತನ್ನು ಒತ್ತಿ ಹೇಳುತ್ತೇನೆ. ಒಂದು ಲೀಟರ್ ರಸ ಹುದುಗುವಾಗ 40 ಲೀಟರಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಗಿಂತ ಭಾರವಾದ್ದರಿಂದ ನೆಲಮಾಳಿಗೆಯ ತಳದಲ್ಲಿಯೂ ಖಾಲಿಯಾದ ತೊಟ್ಟಿಯೊಳಗೂ ನಿಂತುಬಿಡುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ 10ಕ್ಕೆ ಏರಿದರೆ ಮನುಷ್ಯ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತಾನೆ. ತೊಟ್ಟಿಯೊಳಗೆ ಬಿದ್ದವರನ್ನು ಎತ್ತಲು ಇಳಿದವರೂ ಸಾಯುವುದು ಈ ಉದ್ಯಮದಲ್ಲಿ ಮತ್ತೆ ಮತ್ತೆ ಆಗುವ ದುರಂತ. ಮೇಣದಬತ್ತಿ ಹಚ್ಚಿ ನೋಡುವ ಹಳೆಯ ಉಪಾಯವನ್ನು ನಂಬಬೇಡಿ, ಬತ್ತಿ ಉರಿಯುತ್ತಿರುವಾಗಲೇ ಅನಿಲ ಅಪಾಯದ ಮಟ್ಟ ತಲುಪಿರಬಹುದು. ಪೀಪಾಯಿ ಕೊಳ್ಳುವ ಮೊದಲು ಅನಿಲ ಅಳೆಯುವ ಉಪಕರಣವನ್ನೂ ತಳದಿಂದ ಗಾಳಿ ಹೊರಹಾಕುವ ಪಂಖವನ್ನೂ ಕೊಳ್ಳಿ. ಹುದುಗುವ ದಿನಗಳಲ್ಲಿ ಒಬ್ಬರೇ ಒಳಗೆ ಹೋಗಬೇಡಿ.

ಪ್ರಶ್ನೆ: ಸಾವಯವ ವೈನ್ ಆರೋಗ್ಯಕ್ಕೆ ಒಳ್ಳೆಯದೆಂದು ಹೇಳಬಹುದೇ?

ಉತ್ತರ: ಹೇಳಲಾಗದು. ಕೀಟನಾಶಕದ ಉಳಿಕೆ ಅದರಲ್ಲಿ ಕಡಿಮೆ ಎಂಬುದು ನಿಜ, ತೋಟದಲ್ಲಿ ದುಡಿಯುವವರಿಗೂ ಮಣ್ಣಿಗೂ ಅದರಿಂದಾಗುವ ಹಿತ ದೊಡ್ಡದು. ಆದರೆ ಅದರಲ್ಲಿರುವ ಮದ್ಯಸಾರ ಬೇರೆ ವೈನಿನಲ್ಲಿರುವ ಮದ್ಯಸಾರವೇ. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆಯು 1988ರಲ್ಲಿಯೇ ಮದ್ಯಪಾನೀಯಗಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಎಷ್ಟೇ ಕಡಿಮೆಯಾದರೂ ಪೂರ್ತಿ ಸುರಕ್ಷಿತವೆನ್ನುವ ಪ್ರಮಾಣವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕುಡಿಯದವರು ‘ಸಾವಯವ’ ಎಂಬ ಪದವನ್ನು ನೋಡಿ ಕುಡಿಯಲು ಆರಂಭಿಸಿದರೆ ನನಗೆ ನೋವಾಗುತ್ತದೆ.

ಪ್ರಶ್ನೆ: ನನಗೆ ಉಡುಗೊರೆಯಾಗಿ ಬಂದ ಸಾವಯವ ವೈನಿನ ತಳದಲ್ಲಿ ಗಾಜಿನ ಚೂರಿನಂಥ ಹರಳುಗಳಿವೆ, ವೈನ್ ಸ್ವಲ್ಪ ಮಬ್ಬಾಗಿಯೂ ಇದೆ. ಕೆಟ್ಟಿದೆಯೇ? ತೆರೆದ ಮೇಲೆ ಎಷ್ಟು ದಿನ ಇಡಬಹುದು?

ಉತ್ತರ: ಆ ಹರಳುಗಳು ಟಾರ್ಟಾರಿಕ್ ಆಮ್ಲದ ಪೊಟ್ಯಾಸಿಯಂ ಲವಣ. ದ್ರಾಕ್ಷಿಯಲ್ಲೇ ಇರುವ ಈ ಲವಣ ತಂಪಿನಲ್ಲಿ ಹರಳುಗಟ್ಟಿ ಕೂರುತ್ತದೆ, ಅದರಿಂದ ಯಾವ ಹಾನಿಯೂ ಇಲ್ಲ. ದೊಡ್ಡ ವೈನರಿಗಳಲ್ಲಿ ಬಾಟಲಿಗೆ ತುಂಬುವ ಮೊದಲೇ ವೈನನ್ನು ಸೊನ್ನೆ ಡಿಗ್ರಿಯ ಕೆಳಗೆ ತಂಪುಮಾಡಿ ಇದನ್ನು ತೆಗೆದುಬಿಡುತ್ತಾರೆ. ಮಬ್ಬು ಕಾಣುವುದು ಸೋಸದೆ ತುಂಬಿದ್ದರಿಂದ ಉಳಿದ ಯೀಸ್ಟ್ ಮತ್ತು ಪ್ರೋಟೀನಿನಿಂದ ಇರಬಹುದು. ಬಾಟಲಿಯನ್ನು ಒಂದು ದಿನ ನೇರವಾಗಿ ನಿಲ್ಲಿಸಿ, ಅಲುಗಾಡಿಸದೆ ಸುರಿದರೆ ಮಡ್ಡಿ ಕೆಳಗೇ ಉಳಿಯುತ್ತದೆ. ಸಿಹಿಯಿಲ್ಲದ, ನೊರೆಯಿಲ್ಲದ ವೈನೆಂದು ಬರೆದಿದ್ದೂ ಬಾಟಲಿ ತೆರೆದಾಗ ಗುಳ್ಳೆಗಳು ಉಕ್ಕಿ, ಹುಳಿವಾಸನೆ ಬಂದರೆ ಮಾತ್ರ ಒಳಗೆ ಮತ್ತೆ ಹುದುಗುವಿಕೆ ನಡೆದಿದೆಯೆಂದು ತಿಳಿಯಬೇಕು. ತೆರೆದ ಮೇಲೆ, ಸಲ್ಫೈಟ್ ಕಡಿಮೆಯಿರುವ ವೈನನ್ನು ಕಾಯುವುದು ತಂಪು ಒಂದೇ. ಕೆಂಪಾಗಲಿ ಬಿಳಿಯಾಗಲಿ ಬಿರಡೆ ಬಿಗಿದು ಶೀತಕದಲ್ಲಿಡಿ, ಎರಡು ಅಥವಾ ಮೂರು ದಿನಗಳೊಳಗೆ ಮುಗಿಸಿ. ಕುಡಿಯುವ ಅರ್ಧ ಗಂಟೆ ಮೊದಲು ಕೆಂಪು ವೈನನ್ನು ಹೊರಗಿಟ್ಟರೆ ಸಾಕು.